ಡಬ್ಬಿಯ ಸದ್ದಿಗೆ ಕಟ್ಟಿದ ನಿದ್ದೆ

ಖಾದರ್ ಚಾಚಾ,

ನಿಮ್ಮ ಮಾನಪ್ಪನ ಸಲಾಂ. ನೀವು ಕನ್ನಡ ಓದುತ್ತಿರಲಿಲ್ಲ. ನೀರಾವರಿ ಇಲಾಖೆಯಿಂದ ಕಾಗದ ಬಂದರೆ ನನ್ನ ಕೈಗೆ ಕೊಟ್ಟು, ಬೀಡಿ ಹಚ್ಚಿಕೊಂಡು, "ಓದೋ ಮಾನ್ಯಾ, ಬೈದಾರೋ ಹೊಗಳ್ಯಾರೋ ನೋಡೋಣು" ಎನ್ನುತ್ತಿದ್ದಿರಿ. ಈ ಕಾಗದವನ್ನೂ ನಾನೇ ಓದಿ ಹೇಳುತ್ತಿದ್ದೇನೆ ಅಂದುಕೊಳ್ಳಿ. ಇದರಲ್ಲಿ ನಿಮಗೆ ಬೈಗುಳವೂ ಇದೆ. ಬದುಕಿದ್ದಾಗ ನಿಮ್ಮೆದುರು ತಲೆ ಎತ್ತದವನು ಈಗ ಬೈಯುವುದು ಗಂಡಸುತನವಲ್ಲ, ಗೊತ್ತು. ಆದರೆ ಬೇರೆ ಯಾರನ್ನು ಬೈಯಲಿ? ನನಗೆ ಈ ಕೆಲಸ ಕಲಿಸಿದವರು ನೀವೊಬ್ಬರೇ.

ನಾನು ಕಾಲುವೆಯ ಗೇಟು ಕಾಯುವ ಕೆಲಸಕ್ಕೆ ಬಂದ ಮೊದಲ ದಿನ ನಿಮಗೆ ನೆನಪಿರಬೇಕು. ಕಾಲುವೆ ಬಂದು ಇನ್ನೂ ಬಹಳ ವರ್ಷ ಆಗಿರಲಿಲ್ಲ. ಜೋಳ, ಶೇಂಗಾ ಬಿಟ್ಟು ಬೇರೇನೂ ಕಾಣದ ಶಹಾಪುರ ಸುರಪುರದ ಕರಿ ನೆಲದಲ್ಲಿ ಭತ್ತದ ಹಸಿರು ಎದ್ದಿತ್ತು. ಸಾಹೇಬರು ನನಗೆ ಒಂದು ಬೀಗ, ಒಂದು ಸರಪಳಿ, ಗೇಟು ತಿರುಗಿಸುವ ಕಬ್ಬಿಣದ ಹಿಡಿಕೆ ಕೊಟ್ಟು ಜೀಪು ಹತ್ತಿದರು. ಜೀಪು ಮರೆಯಾದ ಮೇಲೆ ನೀವು ನಕ್ಕಿರಿ. "ಬೀಗ ಸಾಹೇಬರ ಸಮಾಧಾನಕ್ಕ ಅದ. ನಮ್ಮ ಬೀಗ ಇಲ್ಲಿ ನೋಡು" ಎಂದು ಗೇಟಿನ ಕೆಳಗೆ ಬಗ್ಗಿಸಿ ತೋರಿಸಿದಿರಿ. ಚಹಾಪುಡಿಯ ತಗಡಿನ ಡಬ್ಬಿಯೊಂದು ತಂತಿಯಲ್ಲಿ ಜೋತಾಡುತ್ತಿತ್ತು. ನೀರು ಸರಿಯಾದ ಮಟ್ಟದಲ್ಲಿ ಹರಿದರೆ ಅದು ಡಬ್ಬಿಗೆ ತಾಗಿ, ಡಬ್ಬಿ ಕಲ್ಲಿಗೆ ಬಡಿದು ಟಣ್, ಟಣ್ ಎನ್ನುತ್ತಿತ್ತು. ಮೇಲಿನ ಹೊಲದವರು ಕದ್ದು ತಮ್ಮ ತೂಬು ಎತ್ತಿದರೆ ನಮ್ಮ ಕಡೆ ನೀರು ಇಳಿಯುತ್ತಿತ್ತು, ಡಬ್ಬಿ ಸುಮ್ಮನಾಗುತ್ತಿತ್ತು. "ಕಣ್ಣು ಮುಚ್ಚಿದ್ರ ತಪ್ಪಿಲ್ಲ ಬೇಟಾ, ಕಿವಿ ಮುಚ್ಚಬಾರದು. ಸದ್ದು ಇರೋತನ ಮಕ್ಕೋ. ಸದ್ದು ನಿಂತ್ರ ಏಳು. ಈ ಮಾತು ನಮ್ಮಿಬ್ಬರ ನಡುವ ಇರ್ಲಿ. ಮ್ಯಾಲಿನವ್ರಿಗೆ ಗೊತ್ತಾದ್ರ ಅದಕ್ಕೂ ಒಂದು ಉಪಾಯ ಹುಡುಕ್ತಾರ." ನಾನು ಹೂಂ ಎಂದೆ. ಆವತ್ತೇ ನನ್ನ ನಿದ್ದೆಯನ್ನು ಆ ತಂತಿಗೆ ಕಟ್ಟಿದೆ, ನನಗೇ ತಿಳಿಯದೆ.

ಕಡೆಯ ಊರಿಗೆ ನೀವು ನನ್ನನ್ನು ಮೊದಲ ಸಲ ಕರೆದೊಯ್ದದ್ದು ಸೈಕಲ್ಲಿನ ಮೇಲೆ. ಕಾಲುವೆ ಸಣ್ಣದಾಗುತ್ತ ಸಣ್ಣದಾಗುತ್ತ, ಕೊನೆಗೆ ಒಂದು ಬಚ್ಚಲ ನಾಲೆಯಷ್ಟಾಗಿ ಮುಗಿಯುವ ಜಾಗ. ಅಲ್ಲಿನವರಿಗೆ ಎರಡೆಕರೆ, ಮೂರೆಕರೆ. ಹಗಲೆಲ್ಲ ಮೇಲಿನವರ ಗದ್ದೆಯಲ್ಲಿ ಭತ್ತದ ಸಸಿ ಹಚ್ಚಿ ಬರುತ್ತಾರೆ, ತಮ್ಮ ಹೊಲದ ಹತ್ತಿಗೆ ಮಾತ್ರ ನೀರಿಲ್ಲ. ಬುದ್ಧವಿಹಾರದ ಕಟ್ಟೆಯ ಮೇಲೆ ಶಾಂತವ್ವ ಎಂಬ ಹೆಂಗಸು ನಮಗೆ ಮಜ್ಜಿಗೆ ಕೊಟ್ಟಳು. ವಾಪಸು ಬರುವಾಗ ನೀವು ಹೇಳಿದ್ದಿರಿ: "ಇವ್ರು ಹಗಲು ದುಡಿದು ಸತ್ತಿರ್ತಾರ. ರಾತ್ರಿ ಎಚ್ಚರ ಇರ್ರಿ ಅಂತ ಇವ್ರಿಗೆ ಹೆಂಗ ಹೇಳೋದು? ಇವ್ರ ಪಾಲಿನ ಎಚ್ಚರ ನಾವು ಇರೋಣು." ಎಷ್ಟು ಚೆಂದದ ಮಾತು ಅನ್ನಿಸಿತ್ತು ಆಗ. ಚೆಂದದ ಮಾತುಗಳೇ ಮನುಷ್ಯನನ್ನು ಹೆಚ್ಚು ದಿನ ಕಟ್ಟಿಹಾಕುವುದು.

ಮದುವೆಯಾದ ಹೊಸತರಲ್ಲಿ ರಜೆ ಹಾಕಿ ಸುರಪುರದ ಮನೆಗೆ ಹೋದೆನಲ್ಲ, ಆ ಕಥೆಯನ್ನು ನಿಮಗೆ ಹೇಳಿ ನಗಿಸಿದ್ದೆ. ಮೂರು ಸಲ ಎದ್ದು ಕೂತೆ. ದೇವಮ್ಮ ಹೆದರಿ, "ಏನ್ ಕೇಳಿಸ್ತ್ರಿ?" ಎಂದಳು. "ಏನೂ ಕೇಳಿಸಲಿಲ್ಲ, ಅದಕ್ಕ ಎದ್ದೆ" ಎಂದೆ. ನೀವು ಹೊಟ್ಟೆ ಹಿಡಿದುಕೊಂಡು ನಕ್ಕು, ಬೆನ್ನಿಗೆ ಗುದ್ದಿ, "ಈಗ ಪಕ್ಕಾ ಆದಿ ಮಗನ" ಎಂದಿರಿ. ನನಗೂ ಹೆಮ್ಮೆ. ಎದೆ ಉಬ್ಬಿಸಿಕೊಂಡು ತಿರುಗಿದೆ. ಮನೆಯಲ್ಲಿ ಸದ್ದಿಲ್ಲದ್ದಕ್ಕೆ ನಿದ್ದೆಯಿಲ್ಲ, ಗೇಟಿನಲ್ಲಿ ಸದ್ದು ನಿಂತೀತೆಂಬ ಭಯಕ್ಕೆ ನಿದ್ದೆಯಿಲ್ಲ. ಹಗಲು ಮಲಗೋಣವೆಂದರೆ ಒಬ್ಬರಲ್ಲ ಒಬ್ಬರು ನೀರಿನ ಜಗಳ ಹೊತ್ತು ಬಂದಿರುತ್ತಿದ್ದರು. ಬೇಸಿಗೆಯಲ್ಲಿ ಕಾಲುವೆ ಬಂದ್ ಮಾಡಿದ ತಿಂಗಳುಗಳಲ್ಲಂತೂ, ಎಲ್ಲೆಲ್ಲೂ ಒಣ ಮೌನ… ನಾವಿಬ್ಬರೂ ಗೂಬೆಗಳ ಹಾಗೆ ಕೂತಿರುತ್ತಿದ್ದೆವು. ಆಗ ನಾನು ಕೇಳಬೇಕಿತ್ತು: ಚಾಚಾ, ನೀವು ಸರಿಯಾಗಿ ಮಲಗಿ ಎಷ್ಟು ವರ್ಷವಾಯಿತು?

ನಿಮ್ಮ ಕಾಲಿಗೆ ಜಾಲಿಮುಳ್ಳು ಚುಚ್ಚಿದ್ದು ಒಂದು ಮಧ್ಯಾಹ್ನ, ಊಟಕ್ಕೆ ಕೂರುವ ಮುಂಚೆ. ನಾನೇ ಸೂಜಿಯಿಂದ ತೆಗೆದೆ. ಜುಜುಬಿ ಮುಳ್ಳು. ನೀವು ಅದನ್ನು ಬೆರಳ ತುದಿಯಲ್ಲಿಟ್ಟು, "ಇಷ್ಟಕ್ಕ ಇಷ್ಟು ಚೀರಿದೆನೇನು?" ಎಂದು ನಾಚಿಕೊಂಡಿರಿ. ಅರಿಶಿನ ಹಚ್ಚಿದೆವು. ವಾರ ಕಳೆದರೂ ಗಾಯ ಬಾಯಿ ಮುಚ್ಚಲಿಲ್ಲ. ನನ್ನಂಥ ಬೇರೆಯವರಿಗೂ ಮುಳ್ಳು ಚುಚ್ಚುತ್ತಿತ್ತು, ನಾಲ್ಕು ದಿನಕ್ಕೆ ಮರೆತೂ ಹೋಗುತ್ತಿತ್ತು. ನಿಮಗೆ ಮಾತ್ರ ಹಾಗಾಗಲಿಲ್ಲ. ಅದಕ್ಕೂ ಮುಂಚಿನ ಎರಡು ವರ್ಷ ನಿಮ್ಮ ಕೆಮ್ಮು ಹೋಗುತ್ತಿತ್ತು, ಬರುತ್ತಿತ್ತು. ಒಮ್ಮೆ ಜ್ವರ, ಒಮ್ಮೆ ಬಾಯಿಹುಣ್ಣು. ಕಾಲುವೆ ನೀರಿನ ತಂಪು ಎಂದೆವು. ವಯಸ್ಸು ಎಂದೆವು. ಚಾಚಿ ಒಬ್ಬಳೇ, "ಇವ್ರಿಗೆ ನಿದ್ದಿ ಇಲ್ಲೋ ಮಾನಪ್ಪಾ, ನಿದ್ದಿ ಇಲ್ಲದ ಮೈ ಮಣ್ಣಾಗ್ತದ" ಎನ್ನುತ್ತಿದ್ದಳು. ಹೆಂಗಸರ ಮಾತೆಂದು ನಾವಿಬ್ಬರೂ ನಕ್ಕೆವು. ಈಗ ಆ ನಗು ನೆನೆದರೆ ನನಗೆ ನನ್ನ ಮೇಲೇ ಅಸಹ್ಯವಾಗುತ್ತದೆ.

ಯಾದಗಿರಿಯ ಆಸ್ಪತ್ರೆಯ ಆ ಕೊನೆಯ ಸಂಜೆ ನಿಮ್ಮ ಕಾಲು ಮೊಣಕಾಲಿನವರೆಗೆ ಬಾತಿತ್ತು. ಜ್ವರದ ನಡುವೆ ಕಣ್ಣು ತೆರೆದು, "ಮಾನ್ಯಾ, ಡಬ್ಬಿ…" ಎಂದಿರಿ. ಚಾಚಿಯ ಹೆಸರಲ್ಲ, ಮಕ್ಕಳ ಹೆಸರಲ್ಲ, ಡಬ್ಬಿ. ನಾನು ನಿಮ್ಮ ಕೈ ಹಿಡಿದು, "ಡಬ್ಬಿ ಸುಮ್ನಾಗಾಕ ಬಿಡಂಗಿಲ್ಲ ಚಾಚಾ, ನನ್ನ ಜೀವ ಇರೋತನ" ಎಂದೆ. ನಿಮಗೆ ಕೇಳಿಸಿತೋ ಇಲ್ಲವೋ. ನನಗಂತೂ ಕೇಳಿಸಿತು. ಆರು ವರ್ಷದಿಂದ ಅದೇ ಕೇಳಿಸುತ್ತಿದೆ.

ಕಳೆದ ವರ್ಷ ಗೇಟಿನ ಸರಪಳಿಗೆ ನನ್ನ ಹೆಬ್ಬೆರಳು ಸಿಕ್ಕಿತು. ಚರ್ಮ ಸುಲಿದದ್ದು ಅಷ್ಟೇ. ತಿಂಗಳಾಯಿತು, ಎರಡು ತಿಂಗಳಾಯಿತು, ಗಾಯ ಹಸಿಯಾಗಿಯೇ ಇತ್ತು. ಊರಲ್ಲಿ ಯಾರಿಗೆ ನೆಗಡಿ ಬಂದರೂ ಮೊದಲು ನನ್ನನ್ನು ಹುಡುಕಿಕೊಂಡು ಬರುತ್ತಿತ್ತು, ಬಂದದ್ದು ಬೀಗರ ಹಾಗೆ ಝಂಡಾ ಊರುತ್ತಿತ್ತು. ದೇವಮ್ಮ ಕಷಾಯ ಕುದಿಸಿ ಕುದಿಸಿ ಸೋತಳು. "ನೀವು ನಿಮ್ಮ ಚಾಚಾನ ದಾರಿ ಹಿಡದೀರಿ" ಎಂದು ಒಂದು ದಿನ ರೊಟ್ಟಿ ಬಡಿಯುತ್ತ ಹೇಳಿದಳು. ನಾನು ರೇಗಿದೆ. ರೇಗಿದ್ದೇಕೆಂದರೆ ಅದೇ ಮಾತು ನನ್ನೊಳಗೂ ಇತ್ತು.

ಹತ್ತಿ ಬಿಡಿಸುವ ಹೊತ್ತಿಗೆ ನನ್ನ ಪಕ್ಕೆಯಲ್ಲಿ ಉರಿ ಶುರುವಾಯಿತು. ಅಂಗಿ ತಾಗಿದರೆ ಕೆಂಡ ಸವರಿದ ಹಾಗೆ. ಎರಡು ದಿನಕ್ಕೆ ಬೆನ್ನಿನಿಂದ ಹೊಟ್ಟೆಯತ್ತ ನೀರುಗುಳ್ಳೆಗಳ ಸಾಲು ಎದ್ದಿತು. ಸರ್ಪಸುತ್ತು. ದೇವಮ್ಮ ನನ್ನನ್ನು ಕುಂಬಾರ ಈರಮ್ಮನ ಮನೆಗೆ ಎಳೆದೊಯ್ದಳು. ಈರಮ್ಮ ಕೆಮ್ಮಣ್ಣು ಕಲಸಿ, ಗುಳ್ಳೆಗಳ ಮುಂದೆ ಒಂದು ಗೆರೆ ಎಳೆದು, ಏನೋ ಮಣಮಣಿಸಿ, "ಹಾವಿನ ತಲಿ ಬಾಲ ಕೂಡಬಾರದು ನೋಡಪ್ಪ. ಕೂಡಿದ್ರ ಮನುಷ್ಯಾ ಉಳಿಯಂಗಿಲ್ಲ" ಎಂದಳು. ಕಾಲುವೆಯ ತಲೆಯ ನೀರು ಬಾಲಕ್ಕೆ ಮುಟ್ಟಲೆಂದು ಇಪ್ಪತ್ತು ವರ್ಷ ಒದ್ದಾಡಿದವನಿಗೆ, ಸ್ವಂತ ಸೊಂಟದ ಮೇಲೆ ತಲೆ ಬಾಲ ಕೂಡದಿರಲಿ ಎಂದು ಬೇಡುವ ಗತಿ. ನೀವಿದ್ದಿದ್ದರೆ ಇದಕ್ಕೂ ನಗುತ್ತಿದ್ದಿರಿ. ನನಗೆ ನಗು ಬರಲಿಲ್ಲ. ನನ್ನನ್ನು ಏನೋ ಸುತ್ತಿಕೊಳ್ಳುತ್ತಿದೆ, ಅದು ಬರೀ ಗುಳ್ಳೆಯಲ್ಲ ಅನ್ನಿಸಿತು.

ಶಹಾಪುರದ ದವಾಖಾನೆಗೆ ಹೋದದ್ದು ನಾಲ್ಕನೇ ದಿನ. ಡಾಕ್ಟರಮ್ಮ ಎಳೆಯ ವಯಸ್ಸಿನವರು, ನಮ್ಮ ಕಡೆಯವರೇ. ಕೆಮ್ಮಣ್ಣು ನೋಡಿ ಬೈಯಲಿಲ್ಲ. ಹೆಬ್ಬೆರಳು ನೋಡಿದರು. ರಕ್ತ ತೆಗೆಸಿ, ಸಕ್ಕರೆ ಕಾಯಿಲೆ ಇಲ್ಲವೆಂದರು. ಆಮೇಲೆ ಕೇಳಿದರು: "ನಿದ್ದಿ ಎಷ್ಟು ಮಾಡ್ತೀರಿ?"

"ಎಲ್ಲಾ ಕೂಡಿ ಎರಡು ತಾಸು ಆಗಬಹುದ್ರಿ. ಅದೂ ತುಂಡು ತುಂಡು."

"ಎಷ್ಟು ದಿನದಿಂದ?"

"ಇಪ್ಪತ್ತು ವರ್ಷದಿಂದ್ರಿ."

ಅವರು ಪೆನ್ನು ಕೆಳಗಿಟ್ಟರು. ಸಣ್ಣವನಿದ್ದಾಗ ಮೈಮೇಲೆ ಅಮ್ಮನ ಗುಳ್ಳೆ ಎದ್ದಿತ್ತೇ ಎಂದು ಕೇಳಿದರು. ಎದ್ದಿತ್ತು ಎಂದೆ. "ಅದು ಹೋಗಿರಂಗಿಲ್ರಿ. ನರದಾಗ ಸುಮ್ಕ ಮಕ್ಕೊಂಡಿರ್ತದ. ಮೈಯಾಗ ಕಾವಲು ಮಂದಿ ಇರ್ತಾರ, ರಕ್ತದಾಗ ತಿರುಗಾಡಿಕೋತ ಅದನ್ನ ಏಳಾಕ ಬಿಡಂಗಿಲ್ಲ. ನೀವು ನಿದ್ದಿ ಮಾಡಿದಾಗ ಆ ಮಂದಿ ಮರುದಿನಕ್ಕ ತಯಾರಾಗ್ತಾರ. ಯಾವ ರೋಗದ ಮಾರಿ ಮೂತಿ ಹೆಂಗಿತ್ತು ಅಂತ ನೆನಪಿಟ್ಕೋತಾರ. ಗಾಯ ಹೊಲೀತಾರ. ವರ್ಷಗಟ್ಟಲೆ ನಿದ್ದಿ ಇಲ್ಲಂದ್ರ ಅವ್ರು ದಣೀತಾರ್ರಿ, ಮಕ್ಕೊಂಡದ್ದು ಸರ್ಪಸುತ್ತಾಗಿ ಏಳ್ತದ. ಬಡಿಬೇಕಾದಲ್ಲಿ ಬಡಿಯಂಗಿಲ್ಲ, ಬ್ಯಾಡಾದಲ್ಲಿ ಉರಿ ಎಬ್ಬಸ್ತಾರ. ನಾಳೆ ನಾ ನಿಮಗ ರೋಗ ಬರದಂಗ ಸೂಜಿ ಹಾಕಿದ್ರೂ, ನಿದ್ದಿಗೆಟ್ಟ ಮೈ ಅದರ ಪಾಠ ಪೂರಾ ಕಲಿಯಂಗಿಲ್ಲ." ವಯಸ್ಸೂ ಒಂದು ಕಾರಣ, ಎಲ್ಲವನ್ನೂ ನಿದ್ದೆಯ ತಲೆಗೇ ಕಟ್ಟಲು ಬರುವುದಿಲ್ಲ ಎಂದೂ ಹೇಳಿದರು. ನಾನು ಯೋಚಿಸಿದೆ: ಹಾಗಾದರೆ ನನ್ನ ಮೈಯಲ್ಲಿ ಇಷ್ಟು ವರ್ಷ ಹಾಯಾಗಿ ಮಲಗಿದ್ದದ್ದು ಆ ರೋಗ ಒಂದೇ.

ಏಳುವ ಮುಂಚೆ ನಿಮ್ಮ ವಿಷಯ ಕೇಳಿದೆ, ಚಾಚಾ. ಕೇಳದೆ ಇರಲು ಆಗಲಿಲ್ಲ. "ನಮ್ಮ ಚಾಚಾ ಒಂದು ಮುಳ್ಳು ಚುಚ್ಚಿ ಹೋದ್ರು ಮೇಡಂ. ಅವ್ರೂ ಮಕ್ಕೋತಿರಲಿಲ್ಲ. ಅದಕ್ಕೂ ಇದ ಕಾರಣೇನ್ರಿ?" ಅವರು ಮಾತ್ರೆಯ ಚೀಟಿ ನನ್ನ ಕೈಗಿಟ್ಟರು. "ಅವ್ರನ್ನ ನಾ ನೋಡಿಲ್ರಿ. ನೋಡದ ಮನುಷ್ಯಾರ ಬಗ್ಗೆ ಹೆಂಗ ಹೇಳ್ಲಿ? ಗಾಯ ಮಾಯಾಕ ನಿದ್ದಿ ಬೇಕು, ಅಷ್ಟು ಹೇಳಬಲ್ಲೆ." ಬಸ್ಸಿನಲ್ಲಿ ಬರುವಾಗ ನಿಮ್ಮನ್ನು ಬೈದೆ. ಕಿಟಕಿಗೆ ಹಣೆ ಒತ್ತಿ, ಬಾಯಿ ಬಿಡದೆ, ಬಾಯಿಗೆ ಬಂದ ಹಾಗೆ ಬೈದೆ. ಗೇಟು ಎತ್ತುವುದು ಕಲಿಸಿದಿರಿ, ಇಳಿಸುವುದು ಕಲಿಸಿದಿರಿ. ಸಾಕು ಎನ್ನುವುದನ್ನು ಯಾಕೆ ಕಲಿಸಲಿಲ್ಲ? ಸಾಯುವಾಗಲೂ ಡಬ್ಬಿ ಎಂದಿರಲ್ಲ, ಒಮ್ಮೆ "ಮಕ್ಕೋ ಮಗನ" ಎಂದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ಡಾಕ್ಟರು ಹೇಳಿದಂತೆ ಒಂದು ವಾರ ಮನೆಯಲ್ಲಿದ್ದೆ. ಗೇಟಿಗೆ ಬದಲಿ ಮನುಷ್ಯನನ್ನು ಹಾಕಿದ್ದರು. ಮಾತ್ರೆ ನುಂಗಿದೆ, ಗುಳ್ಳೆ ಒಣಗತೊಡಗಿದವು, ಉರಿ ಮಾತ್ರ ಹಾಗೇ. ನಿದ್ದೆ ಎಲ್ಲಿಂದ ಬರಬೇಕು? ದೇವಮ್ಮ ಪಾಪ, ಅವಳಿಗೆ ಡಬ್ಬಿಯ ಗುಟ್ಟು ಹೇಳಿಬಿಟ್ಟೆ. ಅವಳು ಹಿತ್ತಲಲ್ಲಿ ಒಂದು ಕೊಡಕ್ಕೆ ತೂತು ಮಾಡಿ, ನೀರು ತೊಟ್ಟಿಕ್ಕುವ ಹಾಗೆ ಇಟ್ಟು, ಕೆಳಗೆ ಬೋರಲು ಡಬ್ಬಿ ಇಟ್ಟಳು. ಟಣ್, ಟಣ್. ಕಣ್ಣು ಮುಚ್ಚಿತು. ಕೊಡ ಖಾಲಿಯಾದದ್ದೇ ತಡ, ಎದ್ದು ಕೂತೆ. ಅವಳು ಎದ್ದು ಕೊಡ ತುಂಬಿದಳು. ಮತ್ತೆ ಖಾಲಿಯಾಯಿತು. ನಾಲ್ಕನೇ ಸಲ ಅವಳು ಕೊಡ ಹಿಡಿದುಕೊಂಡು ನಿಂತಲ್ಲೇ ಅತ್ತಳು. ನನ್ನ ಎಚ್ಚರ ಅವಳಿಗೂ ಅಂಟಿತ್ತು. ಎಂಟನೇ ದಿನ ಗೇಟಿಗೆ ವಾಪಸು ಹೋದೆ. ಹೋಗುವಾಗ ಅವಳು ತಡೆಯಲಿಲ್ಲ, ಬುತ್ತಿ ಕಟ್ಟಿಕೊಟ್ಟು ಒಳಗೆ ಹೋದಳು. ಎಲ್ಲಿಗೆ ಹೋದರೂ ನನಗೆ ಬಿಡುಗಡೆಯಿಲ್ಲ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಶಾಂತವ್ವ ಗೇಟಿಗೆ ಬಂದದ್ದು ಅದಾದ ಎರಡು ದಿನಕ್ಕೆ, ಹಗಲು ಹನ್ನೊಂದರ ಸುಮಾರಿಗೆ. ಕೂದಲು ಪೂರ್ತಿ ಬೆಳ್ಳಗಾಗಿದೆ, ನಡಿಗೆ ಅದೇ. ನಾನು ಇಲ್ಲದ ವಾರ ಅವರ ಹೊಲಕ್ಕೆ ಒಂದು ತೊಟ್ಟೂ ಬಂದಿರಲಿಲ್ಲ. ಜಗಳಕ್ಕೆ ಬಂದಳೆಂದುಕೊಂಡೆ. ನನ್ನ ಮುಖ ನೋಡಿದವಳೇ ಜಗಳ ಮರೆತಳು. "ಏನ್ ತಮ್ಮಾ, ಹೆಣ ಎದ್ದು ಕುಂತಂಗ ಕುಂತೀದಿ?" ಎಂದಳು. ಅದೇನಾಯಿತೋ, ಎಲ್ಲ ಹೇಳಿದೆ. ಗುಳ್ಳೆ, ಹೆಬ್ಬೆರಳು, ಡಾಕ್ಟರಮ್ಮ, ಮುಳ್ಳು. ಕೊನೆಗೆ ನಿಮಗೆ ಕೊಟ್ಟ ಮಾತು ಮುರಿದು ಡಬ್ಬಿಯನ್ನೂ ತೋರಿಸಿದೆ. ಅವಳು ಬಗ್ಗಿ ಅದನ್ನು ಬಹಳ ಹೊತ್ತು ನೋಡಿದಳು. ಶಹಬ್ಬಾಸ್ ಅನ್ನುತ್ತಾಳೆ ಎಂದು ಕಾದೆ, ಸುಳ್ಳೇಕೆ ಹೇಳಲಿ.

"ನಮ್ಮ ನೀರಿಗೆ ನೀವಿಬ್ರ ಯಾಕ ಎಚ್ಚರ ಇರಬೇಕಿತ್ತು?" ಎಂದಳು.

"ನೀವು ಹಗಲೆಲ್ಲ ದುಡಿದಿರ್ತೀರಿ ಅಂತ ಚಾಚಾ…"

"ನಿಮ್ಮ ಚಾಚಾ ನಮ್ಮನ್ನ ಕೇಳಿದ್ನೇನು? ನೀ ಕೇಳಿದೇನು? ಮೂವತ್ತು ಮನಿ ಅದಾವ ನಮ್ಮೂರಾಗ. ಒಂದು ಮನಿಗೆ ತಿಂಗಳಿಗೆ ಒಂದು ರಾತ್ರಿ ಬರ್ತಿತ್ತು. ಒಂದು ರಾತ್ರಿ ನಿದ್ದಿಗೆಟ್ರ ಯಾರೂ ಸಾಯಂಗಿಲ್ಲ. ಆ ಮುದುಕನ್ನ ಸುಮ್ಸುಮ್ಕ ಕೊಂದ್ರಿ." ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಒಳ್ಳ್ಯಾಂವ ಇದ್ದ. ಖರೆ, ನಮ್ಮನ್ನ ಕೇಳಬೇಕಿತ್ತು."

ಇದಕ್ಕೆ ನೀವೇನು ಹೇಳುತ್ತೀರಿ, ಚಾಚಾ? ಅವರ ಮೇಲಿನ ಕನಿಕರಕ್ಕೆ ಅವರನ್ನು ಕೇಳಲಿಲ್ಲವೋ, ಅಥವಾ ನಾವಿಬ್ಬರೇ ಹುಲಿಗಳು ಅನ್ನುವ ಸೊಕ್ಕಿಗೋ… ನನ್ನ ಮಟ್ಟಿಗೆ ಎರಡೂ ಇತ್ತು. ನಿಮ್ಮದು ನಿಮಗೇ ಗೊತ್ತು.

ಮರುದಿನ ವಿಹಾರದ ಕಟ್ಟೆಯ ಮೇಲೆ ಕೂತು ಕಡೆಯ ಊರಿನವರು ಪಾಳಿ ಮಾಡಿದರು. ದಿನಕ್ಕೊಂದು ಮನೆಯ ಇಬ್ಬರು ಗೇಟಿಗೆ ಬರುವುದು, ಡಬ್ಬಿ ಸುಮ್ಮನಾದರೆ ಒಬ್ಬ ಸೈಕಲ್ ಹತ್ತಿ ಊರಿಗೆ ಓಡಿ ಜನ ಕರೆದು ತರುವುದು. ನಾನು ಗೇಟಿನ ಪಕ್ಕದ ನನ್ನ ಗುಡಿಸಲಲ್ಲಿ ಮಲಗಬೇಕು, ಅದೇ ನನ್ನ ಕೆಲಸ. ಮಲಗುವುದು ಸುಲಭವೇ? ಹತ್ತು ರಾತ್ರಿ ಕಣ್ಣು ಬಿಟ್ಟುಕೊಂಡು ಅವರ ಕಾವಲನ್ನು ಕಾದೆ. ಅದಕ್ಕಿಂತ ಕೆಟ್ಟದ್ದೆಂದರೆ ಅವರ ಮಾತು. ಸೊಸೆಯ ಸುದ್ದಿ, ಎಮ್ಮೆಯ ಸುದ್ದಿ, ಯಾರದೋ ಹಲ್ಲು ಕೀಳಿಸಿದ ಸುದ್ದಿ. ಆ ಮಾತಿನಲ್ಲಿ ಡಬ್ಬಿಯ ಸದ್ದು ನನಗೆ ಕೇಳುತ್ತಲೇ ಇರಲಿಲ್ಲ. ಎದ್ದು ಬಂದು, "ಸುಮ್ನಿರ್ರಿ, ಕೇಳಿಸವಲ್ದು" ಎಂದು ಗದರಿದರೆ ಪಾಳಿಯವರು, "ನಮಗ ಕೇಳಸ್ತದ. ನೀ ಹೋಗು" ಎನ್ನುತ್ತಿದ್ದರು.

ಹನ್ನೊಂದನೆಯ ದಿನದ ಸುದ್ದಿ ಹೇಳಲೆಂದೇ ಇದನ್ನು ಬರೆಯಲು ಕೂತೆ. ಆವತ್ತು ಶಾಂತವ್ವನ ಪಾಳಿ. ಉಳ್ಳಾಗಡ್ಡಿಯನ್ನು ಕೊಳೆಯದಂತೆ ಇಡುವುದು ಹೇಗೆಂದು ಅವಳು ತನ್ನ ತಂಗಿಗೆ ಉದ್ದಕ್ಕೆ ಹೇಳುತ್ತಿದ್ದಳು. ಮುಂದಿನದು ನನಗೆ ನೆನಪಿಲ್ಲ. ಕಣ್ಣು ಬಿಟ್ಟಾಗ ಬಿಸಿಲು ಗುಡಿಸಲ ಒಳಗೆ ಬಂದಿತ್ತು. ಬರಿಗಾಲಲ್ಲಿ ಓಡಿ ಗೇಟಿನ ಕೆಳಗೆ ಬಗ್ಗಿದೆ. ಟಣ್, ಟಣ್. ಶಾಂತವ್ವ ಕಾಲುವೆಯ ನೀರಲ್ಲಿ ಮುಖ ತೊಳೆಯುತ್ತಿದ್ದಳು. "ನಡುರಾತ್ರ್ಯಾಗ ಸುಮ್ಕಾಗಿತ್ತು" ಎಂದಳು. "ಹದಿನೈದು ಮಂದಿ ಕೂಡಿ ಹೋಗಿ ಮ್ಯಾಲಿನ ತೂಬು ಇಳಿಸಿ ಬಂದ್ವಿ. ಅವ್ರು ಒಂದ್ ಮಾತೂ ಆಡಲಿಲ್ಲ. ಹೋಗೋವಾಗ, ಬರೋವಾಗ ನಿನ್ನ ದಾಟೇ ಹೋದ್ವಿ ತಮ್ಮಾ. ಗೊರಕಿ ಹೊಡಿಯಾಕತ್ತಿದ್ದಿ." ನೀವು ಒಬ್ಬರೇ ಕಂದೀಲು ಹಿಡಿದು ಹೋಗಿ ಕಪಾಳಕ್ಕೆ ಹೊಡೆಸಿಕೊಂಡು ಬಂದಿದ್ದ ಅದೇ ತೂಬು, ಚಾಚಾ. ನಾನು ಕಟ್ಟೆಯ ಮೇಲೆ ಕೂತು ಅತ್ತೆ. ನಾಚಿಕೆಗೋ, ಸಂತೋಷಕ್ಕೋ, ನೀವು ಇದನ್ನು ನೋಡಲಿಲ್ಲವೆಂದೋ, ನನಗೆ ತಿಳಿಯದು.

ಎಲ್ಲ ಸರಿಹೋಯಿತು ಎಂದು ಸುಳ್ಳು ಹೇಳುವುದಿಲ್ಲ. ಆಮೇಲೂ ನಿದ್ದೆಗೆಟ್ಟ ರಾತ್ರಿಗಳೇ ಹೆಚ್ಚು. ಪಕ್ಕೆಯ ಉರಿ ಇನ್ನೂ ಇದೆ. ಇಪ್ಪತ್ತು ವರ್ಷ ಕೆಟ್ಟದ್ದು ಇಪ್ಪತ್ತು ದಿನಕ್ಕೆ ಕೂಡಿಬರುವುದಿಲ್ಲ, ಮೆಲ್ಲಗೆ ಬರುತ್ತದೆ ಎಂದರು ಡಾಕ್ಟರಮ್ಮ. ಹೆಬ್ಬೆರಳಿನ ಗಾಯದ ಅಂಚಿನಲ್ಲಿ ಮಾತ್ರ ಹೊಸ ಚರ್ಮ ತೆಳ್ಳಗೆ ಕಾಣಿಸಿದೆ. ಮೊನ್ನೆ ಚಾಚಿಗೆ ತೋರಿಸಿದೆ. ಅವಳು ಆ ಬೆರಳನ್ನು ಹಿಡಿದುಕೊಂಡು, ಬಿಡಲೇ ಇಲ್ಲ.

ಆಸ್ಪತ್ರೆಯಲ್ಲಿ ಕೊಟ್ಟ ಮಾತನ್ನು ನಾನು ಉಳಿಸಿಕೊಳ್ಳಲಿಲ್ಲ. ಸಿಟ್ಟಾಗುವುದಿದ್ದರೆ ಆಗಿ. ಆದರೆ ಇಷ್ಟು ಕೇಳಿ ಸಿಟ್ಟಾಗಿ. ಡಬ್ಬಿ ಸುಮ್ಮನಾಗಿತ್ತು, ಚಾಚಾ. ನಾನು ಮಲಗಿದ್ದೆ. ಕಡೆಯ ಊರಿಗೆ ನೀರು ಮುಟ್ಟಿತು.

ನಿಮ್ಮ,
ಮಾನ್ಯಾ